ಡಾಂಗಲ್ ಡಬ್ಬಿಯ ಮೇಲೆ ಬ್ಯಾಂಡ್ ನಂಬರ್ ಅಚ್ಚಾಗಲಿ

ಮಾನ್ಯ ಸಂಪಾದಕರೇ,

ಮೂಡಿಗೆರೆ, ಕಳಸ, ಕೊಪ್ಪದ ಕಡೆ, ಹಾಗೆಯೇ ಸಕಲೇಶಪುರ, ಆಲೂರಿನ ಒಳಭಾಗದಲ್ಲಿ ತೋಟದ ಮನೆಗಳಿಗೆ ಫೈಬರ್ ಲೈನ್ ಎಳೆಸುವುದು ಇವತ್ತಿಗೂ ಸುಲಭವಲ್ಲ. ಎಳೆಸಿಕೊಂಡವರಿಗೂ ಮಳೆಗಾಲದಲ್ಲಿ ದಾರಿಯ ಮೇಲೊಂದು ಮರ ಬಿದ್ದರೆ ಲೈನ್ ಸರಿಯಾಗುವವರೆಗೆ ಕಾಯುವುದೇ ಕೆಲಸ. ಹಾಗಾಗಿ ಫೋನಿನ ಪ್ರೀಪೇಯ್ಡ್ ಸಿಮ್ಮನ್ನು ಡಾಂಗಲ್‌ಗೆ (ಯುಎಸ್‌ಬಿಗೆ ಚುಚ್ಚುವ ಸಣ್ಣ ಇಂಟರ್ನೆಟ್ ಸಾಧನ) ಹಾಕಿ ಲ್ಯಾಪ್‌ಟಾಪ್, ಮಕ್ಕಳ ಪಾಠ, ಕಣದ ಸಿಸಿ ಕ್ಯಾಮೆರಾ ಎಲ್ಲವನ್ನೂ ನಡೆಸುವವರು ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಡಾಂಗಲ್‌ಗೆ ಬೇರೆಯೇ 'ಡೇಟಾ ಸಿಮ್' ಬೇಕು, ಫೋನಿನ ಪ್ರೀಪೇಯ್ಡ್ ಸಿಮ್ ನಡೆಯುವುದಿಲ್ಲ ಎಂದು ಕೆಲವು ಅಂಗಡಿಗಳಲ್ಲಿ ಹೇಳುತ್ತಾರೆ. ಅದು ಸರಿಯಲ್ಲ. ಜಿಯೋಫೋನ್, ಜಿಯೋಭಾರತ್‌ನಂಥ ಹ್ಯಾಂಡ್‌ಸೆಟ್‌ಗೆ ಕಟ್ಟಿಹಾಕಿದ ಪ್ಯಾಕ್‌ಗಳನ್ನು ಬಿಟ್ಟರೆ ಮಾಮೂಲಿ ಪ್ರೀಪೇಯ್ಡ್ ಪ್ಯಾಕ್‌ನ ಡೇಟಾ ಡಾಂಗಲ್‌ನಲ್ಲೂ ಓಡುತ್ತದೆ. ಓಡದೆ ಇದ್ದರೆ ಹೆಚ್ಚಿನ ಸಲ ದೋಷ ಸಿಮ್ಮಿನದಲ್ಲ, ಡಾಂಗಲ್‌ನ ಬ್ಯಾಂಡ್‌ನದು, ಅಂದರೆ ಅದು ಹಿಡಿಯುವ ತರಂಗದ್ದು. ಅದನ್ನೇ ಯಾರೂ ಗ್ರಾಹಕರಿಗೆ ಹೇಳುತ್ತಿಲ್ಲವಾದ್ದರಿಂದ ಈ ಪತ್ರ.

4ಜಿ ಎಂದರೆ ಒಂದೇ ತರಂಗವಲ್ಲ. ಜಿಯೋ 850, 1800 ಮತ್ತು 2300 ಮೆಗಾಹರ್ಟ್ಸ್‌ನಲ್ಲಿ 4ಜಿ ಕೊಡುತ್ತದೆ. ಇವಕ್ಕೆ ಕ್ರಮವಾಗಿ ಬ್ಯಾಂಡ್ 5, 3, 40 ಎಂದು ನಂಬರ್. ಏರ್‌ಟೆಲ್‌ನದು 900, 1800, 2100, 2300, ಅಂದರೆ ಬ್ಯಾಂಡ್ 8, 3, 1, 40. ಬಿಎಸ್ಸೆನ್ನೆಲ್‌ನ ಹೊಸ ಸ್ವದೇಶಿ 4ಜಿ, 2025ರ ಸೆಪ್ಟೆಂಬರ್ ಕೊನೆಯಲ್ಲಿ ದೇಶದ ಮಟ್ಟದಲ್ಲಿ ಉದ್ಘಾಟನೆಯಾಯಿತಲ್ಲ, ಅದು ಮುಖ್ಯವಾಗಿ 700 ಮತ್ತು 2100ರಲ್ಲಿ, ಅಂದರೆ ಬ್ಯಾಂಡ್ 28 ಮತ್ತು 1ರಲ್ಲಿ ನಡೆಯುತ್ತದೆ. ನಂಬರ್ ಸಣ್ಣದಾದಷ್ಟೂ ಅಲೆ ದೂರ ಹೋಗುತ್ತದೆ, ಮರಗಿಡ, ಗೋಡೆ ದಾಟುತ್ತದೆ (ಇಲ್ಲಿ ನಂಬರ್ ಎಂದರೆ ಮೆಗಾಹರ್ಟ್ಸ್, ಬ್ಯಾಂಡ್ ನಂಬರ್ ಅಲ್ಲ). ಹಾಸನದ ಬಿ.ಎಂ. ರಸ್ತೆಯಲ್ಲೋ ಚಿಕ್ಕಮಗಳೂರು ಪೇಟೆಯಲ್ಲೋ ನಿಂತರೆ 2300 ಚೆನ್ನಾಗಿ ಸಿಗುತ್ತದೆ, ವೇಗವೂ ಜಾಸ್ತಿ. ಅದೇ ಸಿಲ್ವರ್ ಓಕ್, ಹಲಸು, ಅತ್ತಿ ತುಂಬಿದ ತೋಟದ ಒಳಗೆ, ಗುಡ್ಡದ ಹಿಂಬದಿಯ ಮನೆಗೆ, 2300 ತಲುಪುವುದೇ ಇಲ್ಲ. ಅಲ್ಲಿ ಬಂದು ಮುಟ್ಟುವುದು 700, 850 ಅಥವಾ 900 ಮಾತ್ರ.

ಈಗ ಮಾರುಕಟ್ಟೆಯ ಡಾಂಗಲ್‌ಗಳನ್ನು ನೋಡಿ. ಯುರೋಪಿಗೆಂದು ತಯಾರಾಗಿ ಆನ್‌ಲೈನ್‌ನಲ್ಲಿ ಇಲ್ಲಿಗೂ ಬರುವ ಎಷ್ಟೋ ಡಾಂಗಲ್‌ಗಳಲ್ಲಿ ಬ್ಯಾಂಡ್ 1, 3, 7, 8, 20 ಇರುತ್ತವೆ. 5 ಇಲ್ಲ, 40 ಇಲ್ಲ. ಇಂಥದ್ದಕ್ಕೆ ಜಿಯೋ ಸಿಮ್ ಹಾಕಿದರೆ ಅದಕ್ಕೆ ಕಾಣಿಸುವುದು ಬ್ಯಾಂಡ್ 3 ಒಂದೇ. ತೋಟದ ಮನೆಗೆ ಬರುತ್ತಿರುವುದು 850 ಆಗಿದ್ದರೆ ಅದೇ ಸಿಮ್ ಫೋನಿನಲ್ಲಿ ಮೂರು ಕಡ್ಡಿ ತೋರಿಸುತ್ತದೆ, ಡಾಂಗಲ್‌ನಲ್ಲಿ 'ನೋ ಸರ್ವೀಸ್'. ಮನೆಯವರು ಸಿಮ್ ಕೆಟ್ಟಿತು ಎಂದು ಹೊಸ ಸಿಮ್ ತರುತ್ತಾರೆ, ಡಾಂಗಲ್ ಕೆಟ್ಟಿತು ಎಂದು ಅದೇ ಮಾಡೆಲ್‌ನ ಇನ್ನೊಂದು ತರುತ್ತಾರೆ. ಎರಡೂ ದಂಡ. ಒಂದೇ ಹೆಸರಿನ ಮಾಡೆಲ್‌ನಲ್ಲೂ ವ್ಯತ್ಯಾಸ ಇರುತ್ತದೆ: ಹುವಾವೇ ಇ3372ಎಚ್‌ನ ಕೊನೆಗೆ 153 ಎಂದಿದ್ದರೆ ಬ್ಯಾಂಡ್ 40 ಇಲ್ಲ, 607 ಎಂದಿದ್ದರೆ 28 ಮತ್ತು 40 ಇವೆ. ಎರಡರಲ್ಲೂ 5 ಇಲ್ಲ. ಅಂಗಡಿಯ ಗಾಜಿನ ಒಳಗಿಟ್ಟರೆ ಎರಡೂ ಒಂದೇ ಥರ ಕಾಣುತ್ತವೆ.

ಮನೆಗೆ ಯಾವ ಬ್ಯಾಂಡ್ ಬರುತ್ತಿದೆ ಎಂದು ಕೊಳ್ಳುವ ಮೊದಲೇ ತಿಳಿಯಬಹುದು. ಡಾಂಗಲ್ ಇಡಬೇಕೆಂದಿರುವ ಜಾಗದಲ್ಲೇ ನಿಂತು, ಅದೇ ಕಂಪನಿಯ ಸಿಮ್ ಇರುವ ಆಂಡ್ರಾಯ್ಡ್ ಫೋನಿನಲ್ಲಿ ನೆಟ್‌ಮಾನ್‌ಸ್ಟರ್‌ನಂಥ ಆ್ಯಪ್ ತೆರೆದರೆ ಬ್ಯಾಂಡ್ ನಂಬರ್ ಮತ್ತು ಸಿಗ್ನಲ್‌ನ ಬಲ ಹೇಳುವ ಆರ್‌ಎಸ್‌ಆರ್‌ಪಿ ಎಂಬ ಅಂಕಿ ಎರಡೂ ಕಾಣುತ್ತವೆ. ಕಡ್ಡಿ ಲೆಕ್ಕ ನಂಬಬೇಡಿ. ಒಂದೊಂದು ಫೋನ್ ಒಂದೊಂದು ಥರ ತೋರಿಸುತ್ತದೆ. ಆರ್‌ಎಸ್‌ಆರ್‌ಪಿ ಮೈನಸ್‌ನಲ್ಲಿರುತ್ತದೆ. ಮೈನಸ್ 85ರ ಆಸುಪಾಸು ಇದ್ದರೆ ಬಹಳ ಚೆನ್ನ, 95ರಿಂದ 105ರ ಒಳಗೆ ಕೆಲಸ ಸಾಗುತ್ತದೆ, 110 ದಾಟಿದರೆ ಎಳೆದಾಟ, 118 ದಾಟಿದರೆ ಆಸೆ ಬಿಡಿ. ಅದರ ಪಕ್ಕದಲ್ಲೇ ಎಸ್‌ಐಎನ್‌ಆರ್ (ಗದ್ದಲಕ್ಕೆ ಹೋಲಿಸಿ ಸಿಗ್ನಲ್ ಎಷ್ಟು ಸ್ಪಷ್ಟ ಎಂಬ ಅಂಕಿ) ಎಂದಿದ್ದರೆ ಅದು 10ಕ್ಕಿಂತ ಮೇಲಿರಲಿ. ಸೊನ್ನೆಗಿಂತ ಕೆಳಗಿದ್ದರೆ ಸಿಗ್ನಲ್ ಎಷ್ಟೇ ಇರಲಿ, ಬೇರೆ ಟವರುಗಳ ಗದ್ದಲದಲ್ಲಿ ವೇಗ ಸಿಗುವುದಿಲ್ಲ.

ಹಳೆಯ 3ಜಿ ಡಾಂಗಲ್ ಮನೆಯಲ್ಲಿದೆ, ಅದನ್ನೇ ಉಪಯೋಗಿಸೋಣ ಎನ್ನುವವರಿಗೆ ಒಂದೇ ಮಾತು: ಬೇಡ. ಜಿಯೋಗೆ ಮೊದಲಿನಿಂದಲೂ 2ಜಿ, 3ಜಿ ಇಲ್ಲ. ಏರ್‌ಟೆಲ್ 3ಜಿಯನ್ನು 2020ರ ಹೊತ್ತಿಗೇ ನಿಲ್ಲಿಸಿತು. ಆ ಸಿಮ್ ಹಾಕಿದರೆ ಡಾಂಗಲ್ 2ಜಿಗೆ ಇಳಿದು ತೆವಳುತ್ತದೆ.

ಬ್ಯಾಂಡ್ ಸರಿಯಾದ ಮೇಲೆ ಎರಡನೆಯ ಅಡ್ಡಿ ಲಾಕ್. ಕಂಪನಿಯ ಹೆಸರು ಅಚ್ಚಾಗಿರುವ ಡಾಂಗಲ್, ಹಾಟ್‌ಸ್ಪಾಟ್‌ಗಳು ಸಾಮಾನ್ಯವಾಗಿ ಆ ಕಂಪನಿಯ ಸಿಮ್ಮಿಗೆ ಮಾತ್ರ. ಜಿಯೋಫೈಗೆ ಜಿಯೋ ಸಿಮ್ಮೇ ಬೇಕು. ಬೇರೆ ಸಿಮ್ ಹಾಕಿದಾಗ ಪರದೆಯ ಮೇಲೆ ಅನ್‌ಲಾಕ್ ಕೋಡ್ ಕೇಳಿದರೆ ಅಂದಾಜಿಗೆ ಒತ್ತುತ್ತಾ ಹೋಗಬಾರದು. ಹುವಾವೇಯಲ್ಲಿ 10 ಸಲಕ್ಕೆ ಅವಕಾಶ, ಆಮೇಲೆ ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. ಸೆಕೆಂಡ್ ಹ್ಯಾಂಡ್ ಡಾಂಗಲ್ ಕೊಳ್ಳುವವರು ಅದರ ಬೆನ್ನಿಗೋ ಬ್ಯಾಟರಿ ಕೆಳಗೋ ಅಂಟಿಸಿರುವ 15 ಅಂಕಿಯ ಐಎಂಇಐ (ಆ ಸಾಧನದ ಗುರುತಿನ ಸಂಖ್ಯೆ) ನೋಡಿ, ಕೆವೈಎಂ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಜಾಗ ಬಿಟ್ಟು ಆ ನಂಬರ್ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ ಕಳವಿನ ಮಾಲೋ ಅಲ್ಲವೋ ಎಂಬ ಉತ್ತರ ಬರುತ್ತದೆ. ಡಾಂಗಲ್‌ನ ಐಎಂಇಐ ಬದಲಿಸಿ ಫೋನಿನದ್ದನ್ನು ಕೂರಿಸಿದರೆ ಡೇಟಾ ಚೆನ್ನಾಗಿ ಬರುತ್ತದೆ ಎಂದು ವಿಡಿಯೊಗಳಲ್ಲಿ ಹೇಳಿಕೊಡುವವರಿದ್ದಾರೆ. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ.

ಸಿಮ್ ಅಳತೆಯ ವಿಷಯ ಸಣ್ಣದಾಗಿ ಕಂಡರೂ ಡಾಂಗಲ್ ಹಾಳಾಗುವುದು ಹೆಚ್ಚು ಇಲ್ಲೇ. ಫೋನಿಗೆ ಹಾಕುವುದು ನ್ಯಾನೊ, 12.3 ಮಿ.ಮೀ. ಉದ್ದ, 8.8 ಅಗಲ. ಬಹಳಷ್ಟು ಯುಎಸ್‌ಬಿ ಡಾಂಗಲ್‌ಗೆ ಬೇಕಾದದ್ದು ಹಳೆಯ ದೊಡ್ಡ ಸಿಮ್, 25ಕ್ಕೆ 15 ಮಿ.ಮೀ. ನಡುವೆ ಪ್ಲಾಸ್ಟಿಕ್ ಅಡಾಪ್ಟರ್ ಹಾಕುತ್ತಾರೆ. ಖಾಲಿ ಅಡಾಪ್ಟರ್ ಒಳಗೆ ತೂರಿಸಿದರೆ, ಅಥವಾ ತೆಗೆಯುವಾಗ ನ್ಯಾನೊ ಕಳಚಿ ಒಳಗೇ ಉಳಿದರೆ, ಅಡಾಪ್ಟರ್‌ನ ತೂತಿಗೆ ಒಳಗಿನ ತಾಮ್ರದ ಪಿನ್ನುಗಳು ಸಿಕ್ಕಿಕೊಳ್ಳುತ್ತವೆ. ಎಳೆದರೆ ಪಿನ್ ಬಾಗುತ್ತದೆ, ಮುರಿಯುತ್ತದೆ. ಹಾಗೆ ಸಿಕ್ಕಿಕೊಂಡಾಗ ಎಳೆಯದೆ, ಹಳೆಯ ರೀಚಾರ್ಜ್ ಕಾರ್ಡಿನಷ್ಟು ತೆಳುವಾದ ಪ್ಲಾಸ್ಟಿಕ್ ಪಟ್ಟಿಯನ್ನು ಪಿನ್ನಿನ ಕಡೆಯಿಂದ ಮೆಲ್ಲಗೆ ತೂರಿಸಿ, ಪಿನ್ ಒತ್ತಿಕೊಂಡ ಮೇಲೆ ಎರಡನ್ನೂ ಸೇರಿಸಿ ಈಚೆ ತರಬೇಕು. ಇಷ್ಟೆಲ್ಲ ಬೇಡವೆಂದರೆ ಡಾಂಗಲ್‌ಗೆಂದೇ ಹೊಸ ಸಿಮ್ ಕೊಳ್ಳುವಾಗ ಮೂರು ಅಳತೆಗೆ ಗೀರು ಇರುವ ಸಿಮ್ಮನ್ನು ನ್ಯಾನೊಗೆ ಮುರಿಯದೆ ದೊಡ್ಡ ಅಳತೆಯಲ್ಲೇ ಬಿಡಿಸಿಕೊಳ್ಳಿ. ಅಂಗಡಿಯವರು ಅಭ್ಯಾಸಬಲದಿಂದ ನ್ಯಾನೊಗೆ ಮುರಿದೇ ಕೊಡುತ್ತಾರೆ, ಮೊದಲೇ ಹೇಳಬೇಕು. ಫೋನಿನಲ್ಲಿ ಇ-ಸಿಮ್ ಇರುವವರಿಗೆ ಡಾಂಗಲ್‌ಗಾಗಿ ಕಾರ್ಡ್ ರೂಪದ ಸಿಮ್ ಬೇಕೇ ಬೇಕು.

ಮನೆಯ ಮುಖ್ಯ ನಂಬರನ್ನು ಡಾಂಗಲ್‌ಗೆ ಹಾಕಬಾರದು. ಬ್ಯಾಂಕಿನ ಓಟಿಪಿ, ಗ್ಯಾಸಿನ ಸಂದೇಶ ಎಲ್ಲ ಡಾಂಗಲ್‌ನ ಒಳಗೆ ಹೋಗಿ ಕೂರುತ್ತವೆ, ಕರೆ ಬಂದರೆ ಗೊತ್ತೇ ಆಗುವುದಿಲ್ಲ, ಯುಪಿಐ ಆ್ಯಪ್‌ಗಳು ಸಿಮ್ ಫೋನಿನಲ್ಲಿ ಕಾಣದಿದ್ದರೆ ತಕರಾರು ಮಾಡುತ್ತವೆ. ಒಬ್ಬರ ಹೆಸರಿನಲ್ಲಿ 9 ಸಿಮ್‌ವರೆಗೆ ಇರಬಹುದು. ಎಷ್ಟು ಇವೆ ಎಂದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲಿ ನೋಡಿಕೊಂಡು ಇನ್ನೊಂದನ್ನು ಪಡೆಯುವುದೇ ಸರಿ.

ಹೊಸ ಸಿಮ್ಮನ್ನು ಮೊದಲು ಫೋನಿಗೆ ಹಾಕಿ ಚಾಲೂ ಮಾಡಿ, ರೀಚಾರ್ಜ್ ಮಾಡಿ, ಡೇಟಾ ಓಡುವುದನ್ನು ನೋಡಿ. ಸಿಮ್ಮಿಗೆ ಪಿನ್ ಲಾಕ್ ಇದ್ದರೆ ಅಲ್ಲಿಯೇ ತೆಗೆದುಬಿಡಿ. ಕರೆಂಟ್ ಹೋಗಿ ಬಂದಾಗಲೆಲ್ಲ ಡಾಂಗಲ್ ಪಿನ್ ಕೇಳಿ ನಿಂತರೆ ತೋಟದ ಕ್ಯಾಮೆರಾ ಕುರುಡಾಗುತ್ತದೆ. ಪಿನ್ ಮೂರು ಸಲ ತಪ್ಪಿದರೆ ಪಿಯುಕೆ (ಸಿಮ್ಮಿನ ಬೀಗ ತೆಗೆಯುವ ಇನ್ನೊಂದು ಸಂಖ್ಯೆ) ಕೇಳುತ್ತದೆ, ಪಿಯುಕೆ ಹತ್ತು ಸಲ ತಪ್ಪಿದರೆ ಸಿಮ್ ಸತ್ತಂತೆಯೇ. ಆಮೇಲೆ ಸಿಮ್ಮನ್ನು ಡಾಂಗಲ್‌ಗೆ ಹಾಕಿ, ಕಂಪ್ಯೂಟರ್‌ಗೆ ಚುಚ್ಚಿ, ಬ್ರೌಸರ್‌ನಲ್ಲಿ ಹುವಾವೇ ಆದರೆ 192.168.8.1, ಝಡ್‌ಟಿಇ ಆದರೆ 192.168.0.1 ತೆರೆಯಿರಿ. ಸೆಟ್ಟಿಂಗ್ಸ್‌ನಲ್ಲಿ ಪ್ರೊಫೈಲ್ ಎಂಬಲ್ಲಿ ಹೊಸದೊಂದನ್ನು ಮಾಡಿ ಎಪಿಎನ್, ಅಂದರೆ ಕಂಪನಿಯ ಇಂಟರ್ನೆಟ್‌ಗೆ ದಾರಿ ತೋರಿಸುವ ಹೆಸರು, ತುಂಬಬೇಕು. ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ: ಜಿಯೋಗೆ ಜಿಯೋನೆಟ್, ಬಿಎಸ್ಸೆನ್ನೆಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಏರ್‌ಟೆಲ್‌ಗೆ ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್. ಯೂಸರ್‌ನೇಮ್, ಪಾಸ್‌ವರ್ಡ್ ಖಾಲಿ ಬಿಡಿ. ಐಪಿ ಟೈಪ್ ಕೇಳಿದರೆ ಐಪಿವಿ4ವಿ6 ಎರಡೂ ಇರುವುದನ್ನು ಆರಿಸಿ. ಜಿಯೋದಲ್ಲಿ ಬರೀ ಐಪಿವಿ4 ಇಟ್ಟಾಗ ಕನೆಕ್ಟ್ ಆದರೂ ಕೆಲವು ಪುಟ ತೆರೆಯದೆ ಕಾಡುವುದಿದೆ. ಸೇವ್ ಮಾಡಿದರೆ ಸಾಲದು, ಆ ಪ್ರೊಫೈಲನ್ನೇ ಡೀಫಾಲ್ಟ್ ಮಾಡಬೇಕು. ಇದನ್ನು ಮರೆಯುವವರೇ ಹೆಚ್ಚು. ನೆಟ್‌ವರ್ಕ್ ಮೋಡ್ 'ಆಟೋ' ಬದಲು '4ಜಿ ಓನ್ಲಿ' ಇಟ್ಟರೆ ಏರ್‌ಟೆಲ್ ಸಿಮ್ ನಡುನಡುವೆ 2ಜಿಗೆ ಜಾರುವುದು ನಿಲ್ಲುತ್ತದೆ. ಆ ಪುಟದ ಪಾಸ್‌ವರ್ಡ್ ಅಡ್ಮಿನ್ ಎಂದೇ ಇದ್ದರೆ ಬದಲಿಸಿ.

ಸಿಗ್ನಲ್ ಇದೆ, ಡೇಟಾ ಇಲ್ಲ ಎಂಬ ಸ್ಥಿತಿಯಲ್ಲಿ ಇನ್ನೊಂದು ಕಡೆ ನೋಡಬೇಕು. ಡಿಜಿಟಲ್ ಭಾರತ್ ನಿಧಿಯ ಹಣದಲ್ಲಿ ಹಳ್ಳಿಗಳಲ್ಲಿ ಎದ್ದಿರುವ 4ಜಿ ಟವರುಗಳನ್ನು ಬೇರೆ ಕಂಪನಿಯ ಸಿಮ್ಮಿನವರೂ ಬಳಸುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2025ರ ಜನವರಿಯಲ್ಲಿ ಆರಂಭಿಸಿದೆ. ಅಂಥ ಟವರ್ ಸಿಕ್ಕಾಗ ಡಾಂಗಲ್ ಅದನ್ನು ರೋಮಿಂಗ್ ಎಂದೇ ಲೆಕ್ಕ ಹಾಕುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಡೇಟಾ ರೋಮಿಂಗ್ ಆಫ್ ಇದ್ದರೆ ಕಡ್ಡಿ ತುಂಬಿದ್ದರೂ ಇಂಟರ್ನೆಟ್ ಬಾರದು. ಆನ್ ಮಾಡಿ ನೋಡಿ. ಮನೆಯ ರೂಟರಿನ ಹಿಂದಿನ ಯುಎಸ್‌ಬಿಗೆ ಡಾಂಗಲ್ ಚುಚ್ಚುವವರು ರೂಟರ್ ಮತ್ತು ಡಾಂಗಲ್ ಎರಡರದ್ದೂ 192.168.0.1 ಆಗಿಲ್ಲ ಎಂಬುದನ್ನು ನೋಡಿಕೊಳ್ಳಬೇಕು. ಒಂದೇ ವಿಳಾಸ ಇದ್ದರೆ ರೂಟರಿಗೆ ದಾರಿ ತಪ್ಪುತ್ತದೆ, ರೂಟರಿನದ್ದನ್ನು 192.168.5.1 ಎಂದೇನಾದರೂ ಬದಲಿಸಿದರೆ ಸರಿಹೋಗುತ್ತದೆ. ಇನ್ನು ಸಿಸಿ ಕ್ಯಾಮೆರಾವನ್ನು ಪೋರ್ಟ್ ಫಾರ್ವರ್ಡ್ ಮಾಡಿ ದೂರದಿಂದ ನೋಡುವ ಹಳೆಯ ಕ್ರಮ ಪ್ರೀಪೇಯ್ಡ್ ಸಿಮ್‌ನಲ್ಲಿ ಆಗದು. ಒಂದೇ ಐಪಿ ವಿಳಾಸವನ್ನು ಕಂಪನಿ ನೂರಾರು ಗ್ರಾಹಕರಿಗೆ ಹಂಚಿರುತ್ತದೆ. ಕ್ಯೂಆರ್ ಕೋಡ್ ಹಿಡಿದು ಕ್ಲೌಡ್ ಮೂಲಕ ತೋರಿಸುವ ಕ್ಯಾಮೆರಾವನ್ನೇ ಕೊಳ್ಳಿ.

ಬೆಳಗ್ಗೆ ಓಡಿದ್ದು ಫೋಟೊ ಅಪ್‌ಲೋಡ್ ಮಾಡುವಾಗ ಕಡಿದುಹೋಗುತ್ತದೆ ಎಂಬ ದೂರು ಮಲೆನಾಡಿನಲ್ಲಿ ಸಾಮಾನ್ಯ. ಇದಕ್ಕೆ ಕಾರಣ ಹೆಚ್ಚಿನ ಸಲ ಕಂಪನಿಯಲ್ಲ, ವಿದ್ಯುತ್. ಟವರ್ ದೂರವಿದ್ದಾಗ ಡಾಂಗಲ್ ಜೋರಾಗಿ ಕೂಗಬೇಕು. ಗರಿಷ್ಠ 200 ಮಿಲಿವಾಟ್‌ವರೆಗೆ ಶಕ್ತಿ ಏರಿಸಿಕೊಳ್ಳುತ್ತದೆ. ಕಳಿಸುವ ಕೆಲಸ ಜಾಸ್ತಿಯಾದಾಗಲೇ ಅದು ಎಳೆಯುವ ಕರೆಂಟ್ ಯುಎಸ್‌ಬಿ 2.0 ಪೋರ್ಟ್ ಕೊಡಬಲ್ಲ 500 ಮಿಲಿಆಂಪ್‌ನ ಅಂಚಿಗೆ ಬರುತ್ತದೆ. ತೆಳು ಎಕ್ಸ್‌ಟೆನ್ಷನ್ ವೈರ್ ಇದ್ದರೆ, ಅಥವಾ ಮೌಸ್, ಕೀಬೋರ್ಡ್ ಎಲ್ಲ ಚುಚ್ಚಿರುವ ಅಗ್ಗದ ಹಬ್ ಇದ್ದರೆ ವೋಲ್ಟೇಜ್ ಕುಸಿದು ಡಾಂಗಲ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಪರಿಹಾರ ಸುಲಭ: ಸ್ವಂತ ಅಡಾಪ್ಟರ್ ಇರುವ ಪವರ್ಡ್ ಹಬ್, ದಪ್ಪ ವೈರ್, ಉದ್ದ 5 ಮೀಟರ್ ಮೀರಬಾರದು. ಡಾಂಗಲ್ ಬಿಸಿಯಾಗುತ್ತದೆ, ಆದ್ದರಿಂದ ಬಟ್ಟೆ ಮುಚ್ಚುವುದು, ಡಬ್ಬಿಯೊಳಗೆ ಇಡುವುದು ಬೇಡ. ಇಡುವ ಜಾಗವೂ ಮುಖ್ಯ. ಹೆಂಚಿನ ಮನೆಯ ಅಟ್ಟದ ಕಿಟಕಿ ಒಳ್ಳೆಯದು. ತಗಡಿನ ಶೀಟ್ ಹೊದಿಸಿದ ಮಾಡಿನ ಕೆಳಗೆ ಇಟ್ಟರೆ ಸಿಗ್ನಲ್ ಒಳಗೆ ಬರುವುದೇ ಇಲ್ಲ. ಮಾಡಿನ ಮೇಲೆ ಆ್ಯಂಟೆನಾ ಕಟ್ಟಿ ಅಲ್ಲಿಂದ ತೆಳು ಕೇಬಲ್‌ನಲ್ಲಿ ಹತ್ತು ಮೀಟರ್ ಕೆಳಗೆ ಎಳೆದರೆ ಗಳಿಸಿದ್ದೆಲ್ಲ ಕೇಬಲ್ಲೇ ನುಂಗುತ್ತದೆ, ಅದಕ್ಕಿಂತ ಡಾಂಗಲ್ಲನ್ನೇ ಮೇಲೆ ಕೊಂಡೊಯ್ಯುವುದು ಲೇಸು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಮಾಡಿನ ಆ್ಯಂಟೆನಾವನ್ನು ಕಳಚಿಡುವುದು ರೂಢಿಯಾಗಲಿ. ಸಿಗ್ನಲ್ ಬೂಸ್ಟರ್ ಎಂದು ಮಾರುವ ಪೆಟ್ಟಿಗೆಗಳನ್ನು ಅನುಮತಿಯಿಲ್ಲದೆ ಹಚ್ಚುವುದು ಕಾನೂನುಬಾಹಿರ, ಅದರಿಂದ ಸುತ್ತಲಿನ ಮನೆಗಳ ನೆಟ್‌ವರ್ಕ್ ಕೂಡ ಕೆಡುತ್ತದೆ.

ಮಳೆಗೆ ಸಿಗ್ನಲ್ ಹೋಗುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ಮಳೆಹನಿ 850, 1800ರ ಅಲೆಯನ್ನು ಲೆಕ್ಕಕ್ಕೆ ಬರುವಷ್ಟು ತಡೆಯುವುದಿಲ್ಲ. ತಡೆಯುವುದು ನೆನೆದ ಎಲೆ. ಒದ್ದೆ ಮರದ ತೋಪು ಒಣ ತೋಪಿಗಿಂತ ಹೆಚ್ಚು ಹೀರುತ್ತದೆ. ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಮುಗಿದ ತೋಟದಲ್ಲಿ ಆರ್‌ಎಸ್‌ಆರ್‌ಪಿ ಸುಧಾರಿಸುವುದು ಇದೇ ಕಾರಣಕ್ಕೆ. ಇನ್ನೊಂದು, ಗುಡ್ಡದ ಮೇಲಿನ ಟವರಿಂದ ಟವರಿಗೆ ತಟ್ಟೆಯಾಕಾರದ ಮೈಕ್ರೋವೇವ್ ಆ್ಯಂಟೆನಾ ಮೂಲಕ ಸಂಪರ್ಕ ಇರುತ್ತದೆ. ಅದರ ಅಲೆ ಹತ್ತಾರು ಗಿಗಾಹರ್ಟ್ಸ್‌ನದು, ಜಡಿಮಳೆಗೆ ಅದು ನಿಜವಾಗಿಯೂ ಸೋಲುತ್ತದೆ. ಆಗ ಡಾಂಗಲ್‌ನಲ್ಲಿ ಕಡ್ಡಿ ಪೂರ್ತಿ ಇರುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಮೂರನೆಯದು ಕರೆಂಟು: ಲೈನ್ ಹೋಗಿ ಟವರ್‌ನ ಬ್ಯಾಟರಿ ಖಾಲಿಯಾಗಿ ಜನರೇಟರ್‌ಗೆ ಡೀಸೆಲ್ ಬಾರದಿದ್ದರೆ ಎಲ್ಲವೂ ಮಾಯ. ಈ ಮೂರರಲ್ಲಿ ಯಾವುದು ಎಂದು ಗೊತ್ತಿದ್ದರೆ ದೂರು ಕೊಡುವುದೂ ಸರಿಯಾಗಿರುತ್ತದೆ. 198ಕ್ಕೆ ಕರೆ ಮಾಡಿ 'ನೆಟ್ ಇಲ್ಲ' ಎನ್ನುವ ಬದಲು, ಸಿಗ್ನಲ್ ಇದೆ ಆದರೆ ಡೇಟಾ ಇಲ್ಲ, ಇಂಥ ಊರಿನ ಇಂಥ ದಿಕ್ಕಿನ ಟವರ್ ಎಂದು ಹೇಳಿ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಬರೆದುಕೊಳ್ಳಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ; ಕಂಪನಿಯ ಉತ್ತರ ಒಪ್ಪಿಗೆಯಾಗದಿದ್ದರೆ ಆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಹೋಗಬೇಕು.

ಈಗ ದುಡ್ಡಿನ ಮಾತು. ಪ್ರೀಪೇಯ್ಡ್ ಪ್ಯಾಕ್ ದಿನಕ್ಕೆ 1.5 ಜಿಬಿ ಎಂದರೆ 28 ದಿನಕ್ಕೆ 42 ಜಿಬಿ. ಆದರೆ ಡಾಂಗಲ್ ಇಟ್ಟ ಮನೆಯ ಖರ್ಚು ದಿನವೂ ಒಂದೇ ಸಮ ಇರುವುದಿಲ್ಲ. ಕೆಲಸದ ದಿನ 4 ಜಿಬಿ ಬೇಕು, ಉಳಿದ ದಿನ ಅರ್ಧ ಜಿಬಿಯೂ ಬೇಡ. ಉಳಿದದ್ದು ರಾತ್ರಿ 12ಕ್ಕೆ ಹೋಯಿತು. ಮಿತಿ ಮುಗಿದ ಮೇಲೆ ವೇಗ 64 ಕೆಬಿಪಿಎಸ್‌ಗೆ ಇಳಿದರೆ ಒಂದು ಎಂಬಿ ಇಳಿಯಲು ಎರಡು ನಿಮಿಷಕ್ಕೂ ಹೆಚ್ಚು ಬೇಕು. 5 ಎಂಬಿಯ ಒಂದು ಪಿಡಿಎಫ್‌ಗೆ ಹತ್ತು ನಿಮಿಷ ದಾಟುತ್ತದೆ. 'ಅನ್‌ಲಿಮಿಟೆಡ್ 5ಜಿ' ಎಂಬ ಜಾಹೀರಾತು 4ಜಿ ಡಾಂಗಲ್‌ಗೆ ಅನ್ವಯಿಸದು, ಅದಕ್ಕೆ ದಿನದ ಮಿತಿಯೇ ಗತಿ. ಆದ್ದರಿಂದ ವಿಂಡೋಸ್‌ನಲ್ಲಿ ಆ ಕನೆಕ್ಷನ್ನನ್ನು ಮೀಟರ್ಡ್ (ಡೇಟಾ ಮಿತಿ ಇರುವುದು) ಎಂದು ಗುರುತು ಮಾಡಿ. ಇಲ್ಲವಾದರೆ ವಿಂಡೋಸ್ ಅಪ್‌ಡೇಟೇ ದಿನದ ಡೇಟಾವನ್ನೆಲ್ಲ ಬೆಳಗಿನೊಳಗೆ ತಿಂದುಹಾಕುತ್ತದೆ.

2024ರ ಡಿಸೆಂಬರ್‌ನಲ್ಲಿ ಟ್ರಾಯ್ ಒಂದು ಒಳ್ಳೆಯ ಕೆಲಸ ಮಾಡಿತು. ಡೇಟಾ ಬೇಡದವರಿಗೆ ಬರೀ ಕರೆ ಮತ್ತು ಎಸ್ಸೆಮ್ಮೆಸ್‌ನ ವೋಚರ್ ಕೊಡಲೇಬೇಕು ಎಂದು ಕಂಪನಿಗಳಿಗೆ ಹೇಳಿ, ವಿಶೇಷ ವೋಚರುಗಳ ಅವಧಿಯನ್ನು 90 ದಿನದಿಂದ 365 ದಿನಕ್ಕೆ ಏರಿಸಿತು. ಇದರ ಮಗುಚಿದ ರೂಪ ನಮಗೆ ಬೇಕಾಗಿರುವುದು. ಡಾಂಗಲ್‌ನೊಳಗಿನ ಸಿಮ್ ಯಾರಿಗೂ ಕರೆ ಮಾಡುವುದಿಲ್ಲ. ಅದಕ್ಕೆ ಅನ್‌ಲಿಮಿಟೆಡ್ ಕರೆಯ ದುಡ್ಡು ಕಟ್ಟುವುದು ಯಾವ ನ್ಯಾಯ? ಡೇಟಾ ಬೂಸ್ಟರ್‌ಗಳಲ್ಲಿ ಹಲವು ಮೂಲ ಪ್ಯಾಕ್ ಚಾಲ್ತಿಯಲ್ಲಿದ್ದರಷ್ಟೇ ನಡೆಯುತ್ತವೆ. ದಿನದ ಮಿತಿಯಿಲ್ಲದ, ಒಟ್ಟು 50 ಜಿಬಿಯೋ 100 ಜಿಬಿಯೋ ಇರುವ, ಕನಿಷ್ಠ 90 ದಿನ ಬಾಳುವ, ಮೂಲ ಪ್ಯಾಕಿನ ಹಂಗಿಲ್ಲದ ಡೇಟಾ ವೋಚರನ್ನು ಪ್ರತಿ ಕಂಪನಿಯೂ ಇಡಬೇಕೆಂದು ಟ್ರಾಯ್ ಆದೇಶಿಸಲಿ. ವರ್ಷಕ್ಕೆ 13 ಸಲ ರೀಚಾರ್ಜ್ ಮಾಡುವ ತಾಪತ್ರಯವೂ ತಪ್ಪುತ್ತದೆ.

ಎರಡನೆಯ ಬೇಡಿಕೆ ಇದಕ್ಕಿಂತ ಸುಲಭದ್ದು, ಖರ್ಚಿಲ್ಲದ್ದು. ಮಾರುವ ಪ್ರತಿ ಡಾಂಗಲ್, ಹಾಟ್‌ಸ್ಪಾಟ್, ಸಿಮ್ ರೂಟರ್‌ನ ಡಬ್ಬಿಯ ಮೇಲೆ ಅದು ಹಿಡಿಯುವ ಬ್ಯಾಂಡ್‌ಗಳ ನಂಬರ್ ಮತ್ತು ಲಾಕ್ ಇದೆಯೇ ಇಲ್ಲವೇ ಎಂಬುದು ಕಣ್ಣಿಗೆ ಕಾಣುವ ಅಕ್ಷರದಲ್ಲಿ ಇರಲಿ. ಕಂಪನಿಗಳು ತಮ್ಮ ವೆಬ್‌ಸೈಟ್‌ನಲ್ಲಿ ನೆಟ್‌ವರ್ಕ್ ನಕ್ಷೆ ಹಾಕಬೇಕು ಎಂಬ ಟ್ರಾಯ್ ನಿಯಮ 2024ರಿಂದ ಬಂದಿದೆ. ಎಲ್ಲಿ 4ಜಿ, ಎಲ್ಲಿ 5ಜಿ ಎಂದು ಅದರಲ್ಲಿ ಬಣ್ಣ ಹಚ್ಚಿರುತ್ತಾರೆ. ಆ ಬಣ್ಣದ ಜೊತೆ ಯಾವ ಬ್ಯಾಂಡ್ ಎಂದೂ ಸೇರಿಸಿದರೆ ಕಳಸದವರು ಕಳಸದಲ್ಲಿ, ಹೆತ್ತೂರಿನವರು ಹೆತ್ತೂರಿನಲ್ಲಿ ಓಡುವ ಡಾಂಗಲ್ಲನ್ನೇ ಆರಿಸಿಕೊಳ್ಳಬಹುದು.

ಇವೆರಡೂ ಆಗುವವರೆಗೆ ಕೊಳ್ಳುವವರು ಗಮನದಲ್ಲಿಡಬೇಕಾದದ್ದು: ಪೇಟೆಯ ಅಂಗಡಿಯಲ್ಲಿ ಚುಚ್ಚಿ ತೋರಿಸಿದಾಗ ಓಡಿತು ಎಂಬುದು ಪುರಾವೆಯಲ್ಲ. ಪೇಟೆಯಲ್ಲಿ ಬ್ಯಾಂಡ್ 3, 40 ಎರಡೂ ಇರುತ್ತವೆ, ಯಾವ ಡಾಂಗಲ್ ಆದರೂ ಓಡುತ್ತದೆ. ಮನೆಯ ಬ್ಯಾಂಡ್ ನಂಬರನ್ನು ಮೊದಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಆ ನಂಬರ್ ಇರುವ ಡಾಂಗಲ್ಲನ್ನೇ ಕೇಳಿ, 'ಈ ಬ್ಯಾಂಡ್ ಇಲ್ಲದಿದ್ದರೆ ಏಳು ದಿನದೊಳಗೆ ವಾಪಸ್' ಎಂದು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಬರೆದುಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ.

ಇಂತಿ ತಮ್ಮ ಓದುಗ,
ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ